ಸಾಲ್ವೋರ್ ನಮ್ಮನೇಲೇ ಇದ್ದಾಳೆ

ಸೋಪು ಹಚ್ಚಿ ಮೈ ತೊಳೆಯದೆ ಬಿಸಿನೀರಿನ ತೊಟ್ಟಿಗೆ ಇಳಿಯುವವನನ್ನು ನಾನು ಮನುಷ್ಯರ ಸಾಲಿಗೆ ಸೇರಿಸುವುದಿಲ್ಲ. ಸೆಲ್‌ವಿಕ್ ಊರಿನ ಈಜುಕೊಳದಲ್ಲಿ ಇಪ್ಪತ್ತೆರಡು ವರ್ಷದಿಂದ ಟವೆಲ್ಲು ಕೊಡುತ್ತಾ, ನೀರಿನ ಬಿಸಿ ನೋಡುತ್ತಾ, ತೊಳೆಯದವರನ್ನು ವಾಪಸು ಅಟ್ಟುತ್ತಾ ಬಂದಿರುವ ನನಗೆ ಇಷ್ಟು ಹೇಳುವ ಅಧಿಕಾರ ಉಂಟು. ಆದರೆ ಕಳೆದ ಡಿಸೆಂಬರ್ ಆರನೆಯ ತಾರೀಕು ಬೆಳಿಗ್ಗೆ ಗ್ರೀಮುರ್ ಕೋಟು, ಟೋಪಿ, ಬೂಟು ಸಮೇತ ತೊಟ್ಟಿಯ ಅಂಚಿಗೇ ಬಂದು ನಿಂತಾಗ ನಾನು ತುಟಿ ಪಿಟಕ್ಕೆನ್ನಲಿಲ್ಲ. ಅವನ ಮುಖ ಹಾಗಿತ್ತು. ಅಂದು ನಿಯಮದ ಪ್ರಕಾರ ಅವನನ್ನು ಹೊರಗಟ್ಟಿದ್ದರೆ ಮುಂದಿನ ಅವಾಂತರ ಒಂದೂ ನಡೆಯುತ್ತಿರಲಿಲ್ಲ.

ಗ್ರೀಮುರ್ ನನ್ನ ಪಕ್ಕದ ಮನೆಯವನು. ದೋಣಿ ಇಂಜಿನ್ ರಿಪೇರಿ ಮಾಡಿ ನಿವೃತ್ತನಾದವನು. ಇಂಜಿನ್ ಬಿಚ್ಚಿ ಜೋಡಿಸಿದರೆ ಪ್ರತಿ ಸಲವೂ ಎರಡು ಬೋಲ್ಟು ಮಿಗುತ್ತಿದ್ದವು. ದೋಣಿ ಮಾತ್ರ ಓಡುತ್ತಿತ್ತು. ಅವನ ಬದುಕಿನಲ್ಲಿ ಮಿಗದೆ, ಕಡಿಮೆಯೂ ಬೀಳದೆ ಸರಿಯಾಗಿ ಕೂತದ್ದು ಒಂದೇ, ಹೆಂಡತಿ ಲೋವಾ. ನಮ್ಮ ಶಾಲೆಯಲ್ಲಿ ಮೇಡಂ ಆಗಿದ್ದವಳು. ವಸಂತವನ್ನು ಹೊತ್ತು ತರುವ ಹಕ್ಕಿಯ ಹೆಸರು ಅವಳದ್ದು. ಆ ಹಕ್ಕಿಗಳೆಲ್ಲ ದಕ್ಷಿಣಕ್ಕೆ ಹಾರುವ ಸೆಪ್ಟೆಂಬರಿನಲ್ಲಿಯೇ ಅವಳೂ ಹೋಗಿಬಿಟ್ಟಳು.

ಲೋವಾಳಿಗೆ ಸಾಲ್ವೋರ್ ಬರೆದ ಕಾದಂಬರಿಗಳೆಂದರೆ ಜೀವ. ಹೊಸದು ಬಂದ ಪ್ರತಿ ವರ್ಷವೂ ಗ್ರೀಮುರ್ ಹಿಮದಲ್ಲಿ ಗಾಡಿ ಓಡಿಸಿಕೊಂಡು ಹೋಗಿ, ಸಾಲಿನಲ್ಲಿ ನಿಂತು, "ಲೋವಾಗೆ" ಎಂದು ಲೇಖಕಿಯ ಕೈಯಲ್ಲೇ ಬರೆಸಿ ಸಹಿ ಹಾಕಿಸಿ ತಂದು ಕ್ರಿಸ್ಮಸ್ ಸಂಜೆ ಹೆಂಡತಿಗೆ ಕೊಡುತ್ತಿದ್ದ. ಮೂವತ್ತು ವರ್ಷದಲ್ಲಿ ಹತ್ತೊಂಬತ್ತು ಪುಸ್ತಕ. ಒಂದನ್ನೂ ಅವನು ಓದಿದವನಲ್ಲ. "ಸಾಲಲ್ಲಿ ನಿಲ್ಲೋದು ನನ್ನ ಪಾಲು, ಓದೋದು ಅವಳ ಪಾಲು" ಅನ್ನುತ್ತಿದ್ದ.

ಕಡೆಗೆ ಲೋವಾಳ ಕಣ್ಣು ಮಂಜಾಯಿತು. ಅಕ್ಷರ ದೊಡ್ಡದು ಮಾಡಿಕೊಂಡು ಓದುವ ಇ-ಪುಸ್ತಕದ ಯಂತ್ರವೊಂದು ಮನೆಗೆ ಬಂತು. ನಾವದನ್ನು ಸ್ಲೇಟು ಎನ್ನುತ್ತೇವೆ. ಇಪ್ಪತ್ತನೆಯ ಕಾದಂಬರಿ ಬಂದದ್ದು ಈ ಸ್ಲೇಟಿನೊಳಗೆ. "ಇದಕ್ಕೆ ಸಹಿ ಎಲ್ಲಿ?" ಎಂದು ಲೋವಾ ನಕ್ಕಿದ್ದಳು. "ಸಹಿ ಇಲ್ದಿದ್ರೆ ಅನಾಥ ಮಗು ಇದ್ದ ಹಾಗೆ. ಮುಂದಿನ ಸಲ ಅವಳು ಬಂದಾಗ ಇದಕ್ಕೂ ಹಾಕ್ಸು" ಎಂದು ಕಪಾಟಿನಲ್ಲಿ ಹತ್ತೊಂಬತ್ತರ ಪಕ್ಕಕ್ಕೆ ಎರಡು ಬೆರಳಗಲ ಜಾಗವನ್ನೂ ಬಿಟ್ಟಿಟ್ಟಿದ್ದಳು. ಬೇಸಿಗೆಯಲ್ಲಿ ನಿಧಾನಕ್ಕೆ ಓದತೊಡಗಿದಳು. ಆ ಪುಸ್ತಕದಲ್ಲಿ ಪುಟದ ಸಂಖ್ಯೆ ಇಲ್ಲ. ಎಷ್ಟು ಓದಿಯಾಯಿತೆಂದು ಶೇಕಡಾ ಲೆಕ್ಕ ಕೆಳಗೆ ಮೂಡುತ್ತದೆ. ಅವಳು ಹೋದ ದಿನ ಅಲ್ಲಿ ಅರವತ್ತೆರಡು ಎಂದಿತ್ತು. ಗ್ರೀಮುರ್ ಅಂದಿನಿಂದ ಅದಕ್ಕೆ ಕರೆಂಟು ಕೊಡುವುದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಬೆರಳು ತಾಗಿದರೆ ಪುಟ ಮಗುಚುತ್ತದೆ, ಪುಟ ಮಗುಚಿದರೆ ಲೋವಾ ಇದ್ದ ಜಾಗ ಹೋಗುತ್ತದೆ ಎಂದು ಅವನಿಗೆ ಭಯ.

ಡಿಸೆಂಬರ್ ಐದಕ್ಕೆ ಸಾಲ್ವೋರ್ ನಮ್ಮೂರಿಗೇ ಬಂದಳು. ಕ್ರಿಸ್ಮಸ್ ಹತ್ತಿರ ಬಂತೆಂದರೆ ಈ ದೇಶದ ಲೇಖಕರೆಲ್ಲ ಹೊಸ ಪುಸ್ತಕ ಹಿಡಿದು ಊರೂರು ಸುತ್ತುತ್ತಾರೆ. ಗ್ರಂಥಾಲಯದ ಛಾವಣಿ ಸೋರುತ್ತಿದ್ದುದರಿಂದ ಕಾರ್ಯಕ್ರಮ ನಮ್ಮ ಈಜುಕೊಳದ ಕಾಫಿ ಕೋಣೆಯಲ್ಲೇ ನಡೆಯಿತು. ಓದು ಮುಗಿದ ಮೇಲೆ ಸಹಿಗೆ ಸಾಲು. ಎಲ್ಲರ ಕೈಯಲ್ಲೂ ಹೊಸ ಪುಸ್ತಕ, ಗ್ರೀಮುರ್ ಕೈಯಲ್ಲಿ ಸ್ಲೇಟು.

"ಯಾರ ಹೆಸ್ರಿಗೆ?" ಎಂದಳು ಸಾಲ್ವೋರ್, ತಲೆ ಎತ್ತದೆ.

"ಲೋವಾಗೆ. ಓ ಅಕ್ಷರದ ಮೇಲೆ ಗೀಟು ಹಾಕೋದು ಮರೀಬೇಡ, ಇಲ್ದಿದ್ರೆ ಅವಳ ಹೆಸ್ರಾಗಲ್ಲ."

ಅವಳು ಪೆನ್ನು ಇಳಿಸಿದಳು, ಸ್ಲೇಟು ಕಂಡಿತು, ಪೆನ್ನು ಮೇಲೆತ್ತಿದಳು. "ಇದಕ್ಕೆ ಎಲ್ಲಿ ಹಾಕ್ಲಿ?"

"ಪುಸ್ತಕದ ಒಳಗೆ."

"ಹಾಗಾದ್ರೆ ಮೊದಲ್ನೇ ಪುಟಕ್ಕೆ ಹೋಗೋಣ" ಎಂದು ಅವಳು ಬೆರಳು ಚಾಚಿದಳಷ್ಟೇ.

"ಮುಟ್ಟಬೇಡಾ!"

ಆ ಕೂಗಿಗೆ ಗಾಜಿನಾಚೆ ಈಜುತ್ತಿದ್ದವರೆಲ್ಲ ಅರ್ಧಕ್ಕೇ ನಿಂತರು. ಸಾಲ್ವೋರ್ ಬೆರಳನ್ನು ಕುದಿಯುವ ಪಾತ್ರೆ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು.

"ಸರಿ ಮಾರಾಯ, ಹಿಂದುಗಡೆ ಹಾಕ್ಲಾ?"

"ಬೆನ್ನು ಎಲ್ಲಾ ಪುಸ್ತಕಕ್ಕೂ ಒಂದೇ" ಎಂದ ಗ್ರೀಮುರ್, ಬಹಳ ಯೋಚಿಸಿದವನಂತೆ. "ಇದರೊಳಗೆ ಬೈಬಲ್ ಇದೆ, ಮೀನಡುಗೆ ಪುಸ್ತಕಾನೂ ಇದೆ. ನೀನು ಬೆನ್ನಿಗೆ ಹಾಕಿದ್ರೆ ಬೈಬಲ್ಲೂ ನೀನೇ ಬರ್ದೆ ಅಂದ್ಕೋತಾರೆ."

ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದರು. ಸಾಲ್ವೋರ್ ಕಣ್ಣೊರೆಸಿಕೊಂಡಳು (ನಮ್ಮ ಕ್ಲೋರಿನ್ ಸ್ವಲ್ಪ ಜೋರು). "ನೋಡು, ಇದು ಕಾಗದ ಅಲ್ಲ, ಪೆನ್ನಲ್ಲಿ ಆಗೋ ಕೆಲ್ಸ ಅಲ್ಲ. ಏನಾದ್ರೂ ದಾರಿ ಸಿಕ್ರೆ ತಿಳ್ಸು, ಖಂಡಿತ ಹಾಕ್ತೀನಿ" ಎಂದು ತನ್ನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟಳು. ಲೋವಾ ಈಗಿಲ್ಲ ಎಂಬ ಒಂದು ಮಾತನ್ನು ಆ ದಡ್ಡ ಹೇಳಲೇ ಇಲ್ಲ. ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಮಾರನೆಯ ಬೆಳಿಗ್ಗೆಯೇ ಅವನು ಬೂಟು ಹಾಕಿಕೊಂಡು ತೊಟ್ಟಿಯ ಅಂಚಿಗೆ ಬಂದದ್ದು. ತೊಟ್ಟಿಯೊಳಗೆ ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿದ್ದವನು ಕೆಟಿಲ್, ನಮ್ಮ ಪುರಸಭೆಯ ಏಕೈಕ ಗುಮಾಸ್ತ. ವಸಂತದಲ್ಲಷ್ಟೇ ರಾಜಧಾನಿಯಿಂದ ವರ್ಗವಾಗಿ ಬಂದವನು, ಅರ್ಜಿ ಬಿಟ್ಟು ಬೇರೇನೂ ಓದದವನು. ಪುರಸಭೆಯ ಅರ್ಧ ಕೆಲಸ ನಮ್ಮ ತೊಟ್ಟಿಯಲ್ಲೇ ಮುಗಿಯುತ್ತದೆ, ಉಳಿದರ್ಧ ಮುಗಿಯುವುದೇ ಇಲ್ಲ.

"ಕೆಟಿಲ್, ನೀನು ಫೋನಲ್ಲೇ ಸಹಿ ಹಾಕಿಸ್ತೀಯಂತಲ್ಲ?"

"ನಾಯಿ ಲೈಸೆನ್ಸಿಂದ ಹಿಡ್ದು ದೋಣಿ ಮಾರಾಟದ ತನಕ" ಎಂದ ಕೆಟಿಲ್ ಕಣ್ಣು ಬಿಡದೆ. "ನಾನು ಕಳಿಸ್ತೀನಿ, ಅವರು ಗುಟ್ಟಿನ ನಂಬರ್ ಒತ್ತಿದ್ರೆ ಮುಗೀತು. ಯಾರ್ದು ಬೇಕು?"

"ಸಾಲ್ವೋರ್ದು. ಬರೀತಾಳಲ್ಲ, ಅವಳೇ. ಅವಳು ನಮ್ಮನೇಲೇ ಇದ್ದಾಳೆ."

ಇಲ್ಲೊಂದು ಮಾತು. ನಮ್ಮೂರಲ್ಲಿ ಇಂಥವರ ಪುಸ್ತಕ ಇದೆ ಎಂದು ಯಾರೂ ಹೇಳುವುದಿಲ್ಲ. ಬರೆದವರೇ ಇದ್ದಾರೆ ಎನ್ನುತ್ತೇವೆ. ಕೆಟಿಲ್‌ಗೆ ಇದು ಗೊತ್ತಿರಲಿಲ್ಲ. ಅವನು ಕಣ್ಣು ಬಿಟ್ಟ.

"ನಿಮ್ಮನೇಲಾ? ಯಾವತ್ತಿಂದ?"

"ಮೂವತ್ತು ವರ್ಷ ಆಯ್ತು. ಹಾಲ್‌ನಲ್ಲೇ ಇರ್ತಾಳೆ, ಕಿಟಕಿ ಪಕ್ಕ."

"ಲೋವಾಗೆ ಗೊತ್ತಿತ್ತಾ?"

"ಒಳ್ಳೇ ಕತೆ! ಲೋವಾಗೋಸ್ಕರಾನೇ ತಂದಿದ್ದು. ಕ್ರಿಸ್ಮಸ್ ಸಂಜೆ ಸಾಲ್ವೋರ್‌ನ ಎತ್ಕೊಂಡು ಹಾಸಿಗೆ ಸೇರಿದ್ರೆ ಬೆಳಗಾಗೋ ತನಕ ಕೆಳಗಿಳೀತಿರ್ಲಿಲ್ಲ ಅವಳು. ನಾನು ಪಕ್ಕದಲ್ಲಿ ಗೊರಕೆ ಹೊಡೀತಿದ್ದೆ."

ಕೆಟಿಲ್ ಸ್ವಲ್ಪ ನೀರು ಕುಡಿದ. ಬಿಸಿಲಿಲ್ಲದ ಹಳ್ಳಿಗಳಲ್ಲಿ ಜನ ಹೇಗೆಲ್ಲ ಬದುಕುತ್ತಾರೆ ಎಂದು ರಾಜಧಾನಿಯಲ್ಲಿ ಅವನಿಗೆ ಯಾರೋ ಮೊದಲೇ ಹೇಳಿ ಕಳಿಸಿದ್ದರೆಂದು ಕಾಣುತ್ತದೆ. ಅವನು ಬಹಳ ಮರ್ಯಾದೆಯಿಂದ ಕೇಳಿದ: "ಈಗ ಅದನ್ನ ಸರಿಯಾಗಿ ದಾಖಲೆ ಮಾಡ್ಬೇಕು ಅಂತೀಯಾ?"

"ಹೂಂ. ಲೋವಾ ಆಸೆ ಅದು. ಜಾಗಾನೂ ಬಿಟ್ಟು ಹೋಗಿದ್ದಾಳೆ."

"ಸಾಲ್ವೋರ್ ಒಪ್ಪಿದ್ದಾಳಾ?"

"ನಿನ್ನೆ ತಾನೆ ಕೇಳ್ದೆ. ದಾರಿ ಸಿಕ್ರೆ ಖಂಡಿತ ಹಾಕ್ತೀನಿ ಅಂದ್ಲು. ಕಣ್ಣಲ್ಲಿ ನೀರು ಬಂದುಬಿಡ್ತು ಪಾಪ." ಗ್ರೀಮುರ್ ಬಗ್ಗಿ ಚೀಟಿಯನ್ನು ಕೆಟಿಲ್‌ನ ಒದ್ದೆ ಕೈಗೆ ಕೊಟ್ಟ.

ಕೆಟಿಲ್ ಆ ದಿನವೇ ಕಚೇರಿಗೆ ಹೋಗಿ, ಒಂದೇ ಮನೆಯಲ್ಲಿ ಕೂಡಿ ಬಾಳುವವರು ತುಂಬುವ ಅರ್ಜಿಯನ್ನು ತನ್ನ ಕೈಯಾರೆ ತುಂಬಿ ಇಬ್ಬರ ಫೋನಿಗೂ ಕಳಿಸಿದ. ಗ್ರೀಮುರ್ ಹಿಂದುಮುಂದು ನೋಡದೆ ಒತ್ತಿದ. ಸಾಲ್ವೋರ್ ಇನ್ನಾವುದೋ ಊರಿನಲ್ಲಿ ಇನ್ನಾವುದೋ ಸಾಲಿನ ಮುಂದೆ ಕೂತಿದ್ದಳು. ಸೆಲ್‌ವಿಕ್‌ನ ಗ್ರೀಮುರ್‌ಗೆ ನಿಮ್ಮ ಸಹಿ ಬೇಕಾಗಿದೆ ಎಂಬುದು ಕಂಡಿತು, ಸ್ಲೇಟಿನ ಮುದುಕ ದಾರಿ ಹುಡುಕಿಬಿಟ್ಟನಲ್ಲ ಎಂದು ಖುಷಿಯಾಯಿತು, ಒತ್ತಿದಳು. ಐದುನೂರು ಪುಟ ಬರೆಯುವವರು ಐದು ಸಾಲಿನ ಸಣ್ಣಕ್ಷರ ಓದುವುದಿಲ್ಲ.

"ಆಯ್ತು ಕಣೋ ತೂಮಿ!" ಎಂದು ಗ್ರೀಮುರ್ ನನ್ನ ಟವೆಲ್ಲಿನ ಕಟ್ಟೆಗೆ ಓಡಿ ಬಂದ. ತೂಮಿ ಎಂದರೆ ನಾನು. ಸ್ಲೇಟು ತೋರಿಸಿದ. ಅರವತ್ತೆರಡು ಹಾಗೇ ಇತ್ತು, ಸಹಿ ಎಲ್ಲೂ ಇರಲಿಲ್ಲ. "ಬರುತ್ತೆ. ಗಾಳೀಲಿ ಬರ್ಬೇಕಲ್ಲ, ಹೊರಗೆ ಬಿರುಗಾಳಿ ಬೇರೆ" ಎಂದ. ಮಾರನೆಯ ದಿನವೂ ಬಂದು ತೋರಿಸಿದ. ಅದರ ಮಾರನೆಯ ದಿನವೂ. ಸಹಿ ಬಂದಿದೆಯೇನೋ ಎಂದು ಅವನು ಆ ಸ್ಲೇಟು ನೋಡುತ್ತಿದ್ದ ರೀತಿಯನ್ನು ಕಂಡು ನಾನು ಟವೆಲ್ಲು ಮಡಚುವ ನೆಪದಲ್ಲಿ ಬೇರೆ ಕಡೆ ತಿರುಗುತ್ತಿದ್ದೆ.

ಸಹಿ ಬರಲಿಲ್ಲ, ಸುದ್ದಿ ಬಂತು. ನಮ್ಮ ಅಂಗಡಿಯ ಬಾಗಿಲಲ್ಲಿ ಊರಿನ ಜನಸಂಖ್ಯೆ ಬರೆದ ಹಲಗೆ ಇದೆ. ಲೋವಾ ಹೋದಾಗ ಮುನ್ನೂರ ಹನ್ನೊಂದು ಆಗಿದ್ದುದು ಒಂದು ಬೆಳಿಗ್ಗೆ ಮುನ್ನೂರ ಹನ್ನೆರಡಾಯಿತು. ಯಾರೂ ಹೆತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯಲ್ಲಿ ನೀರಿಗಿಂತ ಜನ ಹೆಚ್ಚಾದರು. ಪುರಸಭೆಯ ಅಧ್ಯಕ್ಷೆಯಂತೂ ಊರ ಬಾಗಿಲಲ್ಲಿ "ಲೇಖಕಿ ಸಾಲ್ವೋರ್‌ಳ ಊರು" ಎಂಬ ಫಲಕ ಹಾಕಿಸಬೇಕೆಂದು ಅಲ್ಲೇ, ಈಜುಡುಗೆಯಲ್ಲೇ, ತೀರ್ಮಾನ ಪಾಸು ಮಾಡಿಬಿಟ್ಟಳು. ಒಂಬತ್ತು ಜನ ಕೈ ಎತ್ತಿದರು. ಒದ್ದೆ ಕೈಗಳೂ ಲೆಕ್ಕಕ್ಕೆ ಬಂದವು.

ನಿಜ ಹೇಳುತ್ತೇನೆ, ವಿಷಯ ಏನೆಂದು ನಮ್ಮೂರಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಟ್ಟರೆ ಮುಗಿಯುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ನನ್ನ ತೊಟ್ಟಿಗೆ ಅಷ್ಟು ಜನ ಬಂದಿರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ನನ್ನ ಮೇಲೆ ನನಗೆ ಈಗಲೂ ನಾಚಿಕೆಯಿದೆ.

ಸುದ್ದಿ ಹಬ್ಬಿದ ನಾಲ್ಕನೆಯ ದಿನ ಲೋವಾಳ ಅಕ್ಕ ರನ್ವೇಗ್ ಬಂದಳು. ಅಷ್ಟು ಸಿಟ್ಟಿನಲ್ಲೂ ಕಂಕುಳಿಗೆ ಸೋಪು ಹಚ್ಚಿ ತೊಳೆದುಕೊಂಡೇ ತೊಟ್ಟಿಗಿಳಿದಳು. ಅವಳ ಬಗ್ಗೆ ನನಗೆ ಗೌರವವಿರುವುದು ಅದಕ್ಕೇ. ಗ್ರೀಮುರ್ ಎದುರಿಗೇ ಇದ್ದ.

"ನನ್ ತಂಗಿ ಹೋಗಿ ಮೂರು ತಿಂಗ್ಳಾಗಿದ್ಯಾ? ಅಷ್ಟ್ರಲ್ಲೇ ಸಾಲ್ವೋರ್‌ನ ಮನೇಲಿಟ್ಕೊಂಡಿದ್ದೀಯಲ್ಲೋ, ನಾಚ್ಕೆ ಆಗಲ್ವಾ?"

ಗ್ರೀಮುರ್ ತಬ್ಬಿಬ್ಬಾದ. "ಇಟ್ಕೊಳ್ದೆ ಏನ್ ಮಾಡ್ಲಿ, ಎಸೀಲಾ? ನಿಂಗೂ ಇಷ್ಟ ಅಲ್ವಾ ಅವಳು? ಬೇಕಾದ್ರೆ ಕರ್ಕೊಂಡ್ಹೋಗಿ ಎರಡು ವಾರ ಇಟ್ಕೋ. ಮೇಲೆ ಕಾಫಿ ಲೋಟ ಇಡ್ಬೇಡ ಅಷ್ಟೇ. ಹೋದ್ಸಲ ಕರೆ ಆಗಿತ್ತು."

ರನ್ವೇಗ್ ಎದ್ದು, ಟವೆಲ್ಲನ್ನೂ ತೆಗೆದುಕೊಳ್ಳದೆ, ಹೊಗೆಯಾಡುತ್ತಾ ಹಿಮದೊಳಗೆ ಹೊರಟುಹೋದಳು. ಆಮೇಲಿನ ಒಂದು ವಾರ ಗ್ರೀಮುರ್‌ನ ಮನೆಗೆ ಯಾರೂ ಹೋಗಲಿಲ್ಲ. ಅಂಗಡಿಯಲ್ಲಿ ಅವನು ಬಂದರೆ ಮಾತು ನಿಲ್ಲುತ್ತಿತ್ತು. ತನಗೆ ಯಾಕೆ ಹೀಗಾಯಿತೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ. ಹೆಂಡತಿ ಸತ್ತವರ ಹತ್ತಿರ ಜನ ಮಾತಾಡುವುದಿಲ್ಲವೇನೋ ಎಂದು ನನ್ನನ್ನು ಕೇಳಿದ. ಅಂದೇ ನಾನು ರನ್ವೇಗ್‌ಳ ಮನೆಗೆ ಹೋಗಿ, ಇಪ್ಪತ್ತಮೂರಕ್ಕೆ ಅವನ ಮನೆಯಲ್ಲಿ ಮೀನೂಟ, ನೀನು ಬರಲೇಬೇಕು, ಬಂದರೆ ಎಲ್ಲ ತಿಳಿಯುತ್ತದೆ ಎಂದು ಕೈಮುಗಿದು ಬಂದೆ.

ಡಿಸೆಂಬರ್ ಇಪ್ಪತ್ತಮೂರಕ್ಕೆ ನಮ್ಮಲ್ಲಿ ಕೊಳೆಸಿದ ತೊರಕೆ ಮೀನು ಬೇಯಿಸುತ್ತೇವೆ. ಅದರ ವಾಸನೆಯನ್ನು ವರ್ಣಿಸುವುದಿಲ್ಲ, ಮೂಗಿದ್ದವರು ಕ್ಷಮಿಸುವುದಿಲ್ಲ. ಮಧ್ಯಾಹ್ನ ನಾನು, ಗ್ರೀಮುರ್, ಮುಖ ಗಂಟಿಕ್ಕಿಕೊಂಡ ರನ್ವೇಗ್ ಮೇಜಿಗೆ ಕೂತಿದ್ದೆವು. ಬಾಗಿಲು ಬಡಿದ ಶಬ್ದವಾಯಿತು. ಹೊರಗೆ ಹಿಮ ಮೆತ್ತಿದ ಕೋಟಿನಲ್ಲಿ, ಮೂಗಿಗೆ ಶಾಲು ಒತ್ತಿಕೊಂಡು ಸಾಲ್ವೋರ್ ನಿಂತಿದ್ದಳು.

"ನಾನು ಇಲ್ಲೇ ವಾಸ ಮಾಡ್ತಿದ್ದೀನಂತೆ" ಎಂದಳು. "ನನ್ನ ಕೋಣೆ ಯಾವ್ದು, ತೋರ್ಸು."

ರನ್ವೇಗ್‌ಳ ಕೈಯ ಮುಳ್ಳುಚಮಚ ಕೆಳಗೆ ಬಿತ್ತು.

"ನಮ್ಮನೆ ಮುಂದೆ ನನ್ನ ಕಾರು ನಿಲ್ಸೋ ಪರವಾನಗಿ ರದ್ದು! ಯಾಕಂದ್ರೆ ನಾನು ಸೆಲ್‌ವಿಕ್‌ನವಳು! ಕಾರು ಎತ್ಕೊಂಡ್ಹೋದ್ರು. ನಾನೂರು ಕಿಲೋಮೀಟರ್ ಬಸ್ಸಲ್ಲಿ ಬಂದಿದ್ದೀನಿ. ಹಬ್ಬದ ಶುಭಾಶಯ ಅಂತ ಎಲ್ರೂ ನಿನ್ನ ಹೆಸ್ರೂ ಸೇರ್ಸಿ ಕಾರ್ಡು ಕಳಿಸ್ತಿದ್ದಾರೆ! ಏನಯ್ಯಾ ಇದೆಲ್ಲ?"

ಗ್ರೀಮುರ್ ಇಷ್ಟನ್ನೂ ಕೇಳಿ ಒಂದೇ ಮಾತು ಅಂದ: "ಸಹಿ ತಂದ್ಯಾ?"

ಅವನು ಅವಳನ್ನು ತೋಳು ಹಿಡಿದು ಕಿಟಕಿ ಪಕ್ಕದ ಕಪಾಟಿನ ಬಳಿ ಕರೆದುಕೊಂಡು ಹೋದ. "ನೋಡು, ನೀನು ಇಲ್ಲೇ ಇರೋದು. ಹತ್ತೊಂಬತ್ತೂ. ನಾನು ಒಂದೂ ಓದಿಲ್ಲ, ಓದೋದು ಲೋವಾ."

ಮೇಜಿನಿಂದ ಒಂದು ವಿಚಿತ್ರ ಶಬ್ದ ಬಂತು. ರನ್ವೇಗ್‌ಗೆ ಅರ್ಥವಾಗಿತ್ತು. ಅವಳು ಒರಸುಬಟ್ಟೆಯಲ್ಲಿ ಮುಖ ಮುಚ್ಚಿ ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. "ಕಾಫಿ ಲೋಟ..." ಎಂದಷ್ಟೇ ಕೇಳಿಸಿತು.

ಸಾಲ್ವೋರ್ ಒಂದು ಪುಸ್ತಕ ತೆರೆದಳು. "ಲೋವಾಗೆ, ದೊಡ್ಡ ಬಿರುಗಾಳಿಯ ದಿನ." ಇನ್ನೊಂದು ತೆರೆದಳು. "ಲೋವಾಗೆ, ನಿನ್ನ ಗಂಡ ಈ ಸಲವೂ ಟೋಪಿ ಮರೆತು ಹೋಗುತ್ತಿದ್ದಾನೆ." ತಿರುಗಿ ಅವನನ್ನು ನೋಡಿದಳು. "ಟೋಪಿ ಮರೆಯೋನು ನೀನೇನಾ?"

"ಹೂಂ."

"ಲೋವಾ ಎಲ್ಲಿ?"

ಗ್ರೀಮುರ್ ಸ್ಲೇಟು ತಂದ. ಎರಡು ಕೈಯಲ್ಲೂ ಅಂಚು ಹಿಡಿದು, ಅವಳ ಮುಖದ ಮುಂದೆ ಹಿಡಿದ. "ಇಲ್ಲಿದ್ದಾಳೆ" ಎಂದ. "ಅರವತ್ತೆರಡರಲ್ಲಿ. ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ನಿಲ್ಲಿಸಿದ್ಲು. ಮುಟ್ಟಬೇಡ."

ಸಾಲ್ವೋರ್ ಮುಟ್ಟಲಿಲ್ಲ. ಬಹಳ ಹೊತ್ತು ಆ ಪುಟವನ್ನೇ ನೋಡಿದಳು. ಮೂಗಿನ ಶಾಲು ಯಾವಾಗಲೋ ಜಾರಿತ್ತು. "ಹತ್ತೊಂಬತ್ತು ಸಲ ಈ ಹೆಸ್ರು ಬರ್ದಿದ್ದೀನಿ" ಎಂದಳು. "ಹೇಗಿದ್ದಾಳೆ ಅಂತ ಒಂದ್ಸಲಾನೂ ಕೇಳ್ಲಿಲ್ಲ." ಈ ಸಲ ಕ್ಲೋರಿನ್ ಇರಲಿಲ್ಲ.

ಅಷ್ಟರಲ್ಲಿ ಕೆಟಿಲ್ ಬಂದ. ಲೇಖಕಿ ಬಸ್ಸಿಳಿದದ್ದನ್ನು ಕಂಡವರು ಅವನಿಗೆ ಹೇಳಿದ್ದರು. ಹೊಸ ನಿವಾಸಿಗೆ ಸ್ವಾಗತ ಕೋರಲು ಗಿಡದ ಕುಂಡ ಹಿಡಿದು ಬಂದಿದ್ದ. ವಿಷಯ ತಿಳಿದು ಕುಂಡದ ಗಿಡದಷ್ಟೇ ಹಸಿರಾದ. ಅಲ್ಲೇ ಮೇಜಿನ ತುದಿಯಲ್ಲಿ ಕೂತು ರದ್ದತಿಯ ಅರ್ಜಿ ತೆರೆದ. "ಬೇರೆಯಾಗೋಕೆ ಕಾರಣ ಅಂತ ಒಂದು ಕಾಲಂ ಇದೆ. ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ" ಎಂದ, ಬಹಳ ಸಣ್ಣ ದನಿಯಲ್ಲಿ.

"ಬರ್ಕೋ" ಎಂದಳು ಸಾಲ್ವೋರ್. "ಮೂವತ್ತು ವರ್ಷ ಜೊತೇಲಿದ್ರೂ ನಾನು ಬರೆದದ್ದು ಒಂದಕ್ಷರಾನೂ ಇವನು ಓದ್ಲಿಲ್ಲ."

ಕೆಟಿಲ್ ಅದನ್ನು ಹಾಗೇ ಬರೆದುಕೊಂಡ. ಇಬ್ಬರೂ ಫೋನಿನಲ್ಲಿ ಒತ್ತಿದರು. ಸಣ್ಣಕ್ಷರವನ್ನು ಈ ಸಲ ಸಾಲ್ವೋರ್ ಎರಡೆರಡು ಬಾರಿ ಓದಿದಳು.

ಆಮೇಲೆ ಅವಳು ಕೈಚೀಲದಿಂದ ಪೆನ್ನು ತೆಗೆದು ಕಪಾಟಿನ ಮುಂದೆ ಮಂಡಿಯೂರಿದಳು. ಹತ್ತೊಂಬತ್ತರ ಪಕ್ಕ ಲೋವಾ ಬಿಟ್ಟಿಟ್ಟಿದ್ದ ಎರಡು ಬೆರಳಗಲ ಜಾಗವಿತ್ತಲ್ಲ, ಅಲ್ಲಿನ ಬರೀ ಮರದ ಮೇಲೆ, ಕತ್ತು ಓರೆ ಮಾಡಿಕೊಂಡು, ಸಣ್ಣ ಅಕ್ಷರದಲ್ಲಿ ಬರೆದಳು: "ಲೋವಾಗೆ. ನೀನು ಅರವತ್ತೆರಡರಲ್ಲಿದ್ದೀಯ. ಮುಂದಿನದನ್ನು ಗ್ರೀಮುರ್ ಓದಿ ಹೇಳುತ್ತಾನೆ. ಸಾಲ್ವೋರ್." ಓ ಮೇಲಿನ ಗೀಟು ಮರೆತಿರಲಿಲ್ಲ.

"ಜಾಗ ಇನ್ನೆಲ್ಲೂ ಹೋಗಲ್ಲ" ಎಂದಳು ಏಳುತ್ತಾ. "ಇಲ್ಲಿ ಬರ್ದಾಗಿದೆ."

ಗ್ರೀಮುರ್ ಆ ಮರದ ಮೇಲೆ ಬೆರಳಾಡಿಸಿದ. ಸ್ಲೇಟಿನ ಮೇಲೆ ಎಂದೂ ಹಾಗೆ ಬೆರಳಾಡಿಸಿರಲಿಲ್ಲ. ಸಾಲ್ವೋರ್ ನಮ್ಮ ಜೊತೆ ಕೂತು ತೊರಕೆ ಮೀನು ತಿಂದಳು, ಎರಡನೆಯ ಸಲವೂ ಬಡಿಸಿಕೊಂಡಳು. ಸಂಜೆ ಬಸ್ಸು ಹತ್ತಿದಳು. ಆ ಬಸ್ಸಿನ ಉಳಿದ ಪ್ರಯಾಣಿಕರಿಗಾಗಿ ನಾನು ಮರುಗಿದೆ.

ಹಬ್ಬ ಮುಗಿದು ಈಜುಕೊಳ ತೆರೆದ ಮೊದಲ ಬೆಳಿಗ್ಗೆ ಗ್ರೀಮುರ್ ಬಂದ. ಸೋಪು ಹಚ್ಚಿ ತೊಳೆದುಕೊಂಡು ಬಂದ. ತೊಟ್ಟಿಯಲ್ಲಿ ರನ್ವೇಗ್, ಕೆಟಿಲ್, ಅಧ್ಯಕ್ಷೆ ಎಲ್ಲ ಇದ್ದರು. ಅಂಗಡಿಯ ಹಲಗೆ ಮತ್ತೆ ಮುನ್ನೂರ ಹನ್ನೊಂದಕ್ಕೆ ಇಳಿದಿತ್ತು.

"ಈ ಹಾಲ್‌ಬೇರಾ ಅನ್ನೋಳು ಯಾರು?" ಎಂದು ಕೇಳಿದ ಅವನು, ಕೂರುವ ಮುಂಚೆಯೇ. "ಅರವತ್ತಮೂರಕ್ಕೆ ಬಂದ ತಕ್ಷಣ ಸತ್ತೋದ್ಲು. ಎಲ್ರೂ ಅಳ್ತಿದ್ದಾರೆ. ನಾನೂ ಅತ್ತುಬಿಟ್ಟೆ. ಯಾರು ಅಂತ್ಲೇ ಗೊತ್ತಿಲ್ಲ."

"ಮೊದ್ಲಿಂದ ಓದೋ ಮಾರಾಯ" ಎಂದೆ ನಾನು. "ಒಂದನೇ ಪುಟಕ್ಕೆ ಹೋಗು, ಗೊತ್ತಾಗುತ್ತೆ."

ಅವನು ತಲೆಯಾಡಿಸಿದ. "ಅದು ಅವಳ ಪಾಲು" ಎಂದು ನೀರಿಗಿಳಿದ.

ರನ್ವೇಗ್ ಅವನ ಪಕ್ಕಕ್ಕೆ ಸರಿದು ಕೂತು, ಹಾಲ್‌ಬೇರಾ ಯಾರೆಂದು ಮೊದಲಿನಿಂದ ಹೇಳತೊಡಗಿದಳು.